ದೆವ್ವದ ಹಾಸ್ಯ ಕಾಮಿಕ್ಸ್ ಸ್ವಂತವಾಗಿ ತರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಕಾಶಕರ ನೆರವಿಲ್ಲದೆ, ಒಬ್ಬರೋ ಇಬ್ಬರೋ ಸೇರಿ, ಕನ್ನಡದಲ್ಲಿ ದೆವ್ವದ ಕಾಮಿಕ್ಸ್ ಸರಣಿ ತರಲು ಹೊರಟವರು ಕೇಳುವ ಪ್ರಶ್ನೆಗಳು ಇವು. ಚಿತ್ರ ಬರೆಯುವುದನ್ನು ಇಲ್ಲಿ ಕಲಿಸುವುದಿಲ್ಲ. ಅಕ್ಷರ ಮತ್ತು ಮುದ್ರಣದ ಉತ್ತರಗಳು ಉದ್ದವಾಗಿವೆ. ಒಳ್ಳೆಯ ಚಿತ್ರವಿದ್ದೂ ಸಂಚಿಕೆ ಕೆಡುವುದು ಅಲ್ಲೇ.

ಭಯ, ನಗು ಎರಡೂ ಒಂದೇ ಕಥೆಯಲ್ಲಿ ಉಳಿಯುತ್ತವೆಯೇ? ಒಂದು ಇನ್ನೊಂದನ್ನು ನುಂಗುವುದಿಲ್ಲವೇ?

ದೆವ್ವಕ್ಕೆ ಜೋಕು ಹೇಳಲು ಬಿಟ್ಟರೆ ನುಂಗುತ್ತದೆ. ನಗು ಮನುಷ್ಯರ ಪಾಲಿಗಿರಲಿ, ಭಯ ದೆವ್ವದ ಪಾಲಿಗಿರಲಿ. ದೆವ್ವವನ್ನು ನೋಡಿ ಓದುಗ ನಗಬಾರದು ಎಂದಲ್ಲ. ತಾನು ನಗಿಸುತ್ತಿದ್ದೇನೆ ಎಂಬುದು ದೆವ್ವಕ್ಕೆ ಗೊತ್ತಿರಬಾರದು. ಅರಳಿ ಮರದ ಬ್ರಹ್ಮರಾಕ್ಷಸ ದಾರಿಹೋಕನ ಕತ್ತು ಹಿಡಿದು ಅವನ ವ್ಯಾಕರಣ ತಿದ್ದುತ್ತಾನೆ ಅನ್ನಿ. ಅವನಿಗೆ ಅದು ಪ್ರಾಣಕ್ಕಿಂತ ದೊಡ್ಡ ವಿಷಯ, ಕತ್ತಿನ ಮೇಲಿನ ಹಿಡಿತವೂ ಸುಳ್ಳಲ್ಲ. ಓದುಗ ನಗುತ್ತಲೇ ಮುಂದೇನಾಗುತ್ತದೋ ಎಂದು ಕಾಯುತ್ತಾನೆ.

ಇಂಥ ಸರಣಿಗಳು ಸಾಮಾನ್ಯವಾಗಿ ಸೊರಗುವುದು ಮೂರನೆಯ ಸಂಚಿಕೆಯ ಹೊತ್ತಿಗೆ. ಮೊದಲ ಸಂಚಿಕೆಯಲ್ಲಿ ನಡುಗಿಸಿದ ದೆವ್ವ ಆಗ ನಾಯಕನ ಗೆಳೆಯನಾಗಿ ಟೀ ಅಂಗಡಿಯಲ್ಲಿ ಕುಳಿತಿರುತ್ತದೆ. ಗೆಳೆತನ ಬೇಕೇ ಬೇಕೆಂದರೆ ಅದಕ್ಕೊಂದು ಬೆಲೆ ಇಡಿ: ಪ್ರತಿ ಸಂಚಿಕೆಯಲ್ಲೂ ಆ ದೆವ್ವದಿಂದ ಯಾರಿಗಾದರೂ ನಿಜವಾದ ನಷ್ಟವಾಗಬೇಕು.

ಯಾವ ದೆವ್ವವನ್ನು ಆರಿಸಿಕೊಳ್ಳಬೇಕು?

ನಿಯಮವಿರುವ ದೆವ್ವವನ್ನು. ಬರೀ ಕೂದಲು ಕೆದರಿಕೊಂಡು ಕಿರುಚುವ ಬಿಳಿ ಸೀರೆಯಿಂದ ಎರಡು ಪುಟ ಬರುತ್ತದೆ, ಸರಣಿ ಬರುವುದಿಲ್ಲ. ಬೇತಾಳನಿಗೆ ನಿಯಮವಿದೆ: ವಿಕ್ರಮ ಮೌನ ಮುರಿದರೆ ಹೆಣ ಮರಳಿ ಮರಕ್ಕೆ. ಇಪ್ಪತ್ತೈದು ಕಥೆಗಳ ಸರಣಿ ನಿಂತಿರುವುದು ಈ ಒಂದು ನಿಯಮದ ಮೇಲೆ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ದೆವ್ವವನ್ನು ಸಾಗಹಾಕಲು ಬರೆದ ‘ನಾಳೆ ಬಾ’ದ ಹಿಂದೆಯೂ ನಿಯಮವೇ ಇದೆ. ಆ ದೆವ್ವಕ್ಕೆ ಓದು ಬರುತ್ತದೆ, ಬರೆದದ್ದನ್ನು ಪಾಲಿಸುತ್ತದೆ, ನಿನ್ನೆ ಓದಿದ್ದು ಇವತ್ತು ನೆನಪಿರುವುದಿಲ್ಲ. ಹಾಗಾದರೆ ಬಾಗಿಲ ಮೇಲೆ ಕಾಗುಣಿತ ತಪ್ಪಾದರೆ? ಬಾಡಿಗೆಗೆ ಬಂದವರು ಬೇರೆ ಭಾಷೆಯಲ್ಲಿ ಬರೆದರೆ? ಮಳೆಗೆ ‘ನಾಳೆ’ ಅಳಿಸಿ ‘ಬಾ’ ಮಾತ್ರ ಉಳಿದರೆ? ಒಂದೊಂದೂ ಒಂದು ಸಂಚಿಕೆ. ಕೊನೆಯದು ಭಯದ ಸಂಚಿಕೆಯೂ ಹೌದು.

ಕೆಲಸ ಶುರುಮಾಡುವ ಮೊದಲು ದೆವ್ವದ ಬಗ್ಗೆ ನಾಲ್ಕು ಸಾಲು ಬರೆದಿಡಿ: ಏನು ಬೇಕು, ಏನು ಮಾಡಲಾಗದು, ಯಾವುದಕ್ಕೆ ಹೆದರುತ್ತದೆ, ಯಾವಾಗ ಬರುತ್ತದೆ. ಎರಡನೆಯ ಸಾಲು ಖಾಲಿ ಉಳಿದರೆ ಆ ದೆವ್ವವನ್ನು ಬಿಟ್ಟುಬಿಡಿ. ಎಲ್ಲವನ್ನೂ ಮಾಡಬಲ್ಲ ದೆವ್ವದ ಮುಂದೆ ಮನುಷ್ಯನಿಗೆ ಉಪಾಯವೂ ಇಲ್ಲ, ಪೇಚಾಟವೂ ಇಲ್ಲ.

ತುಳುನಾಡಿನ ದೈವಗಳನ್ನು ಪಾತ್ರ ಮಾಡಬಹುದೇ?

ದೈವ ದೆವ್ವವಲ್ಲ. ‘ಭೂತ’ ಎಂಬ ಹೆಸರು ಕೇಳಿ ಘಟ್ಟದ ಮೇಲಿನವರು ತಪ್ಪು ತಿಳಿಯುವುದುಂಟು. ಇಂದಿಗೂ ಆರಾಧನೆ ನಡೆಯುತ್ತಿರುವ ದೈವದ ಹೆಸರು, ಮುಖವರ್ಣಿಕೆ, ನುಡಿಗಟ್ಟುಗಳನ್ನು ತಮಾಷೆಯ ಕಥೆಗೆ ತರಬೇಡಿ. ಕೊಳ್ಳಿದೆವ್ವ, ಮೋಹಿನಿ, ಪಿಶಾಚಿಗಳಿಗೆ ಭಕ್ತರಿಲ್ಲ. ಅವುಗಳ ಜೊತೆ ಎಷ್ಟು ಬೇಕಾದರೂ ಆಡಬಹುದು.

ದೆವ್ವ ಯಾವ ಕನ್ನಡ ಮಾತಾಡಬೇಕು?

ಸತ್ತ ಕಾಲದ ಕನ್ನಡ. ಇದು ಬಿಟ್ಟಿ ಸಿಗುವ ಹಾಸ್ಯ. ‘ಎಲವೋ ನರನೇ, ಎಲ್ಲಿಗೆ ಪೋಪೆ?’ ಎಂದು ಬ್ರಹ್ಮರಾಕ್ಷಸ ಗುಡುಗಿದರೆ, ‘ಮೆಜೆಸ್ಟಿಕ್ಕಿಗೆ ಸಾರ್, ಲಾಸ್ಟ್ ಬಸ್ಸು ಹೋಗ್ಬಿಡ್ತು’ ಎಂಬ ಉತ್ತರ ಸಾಕು. ಆದರೆ ಒಂದು ಎಚ್ಚರಿಕೆ: ಧಾರವಾಡದ್ದೋ ಕುಂದಾಪುರದ್ದೋ ಮಾತನ್ನು ಬರೀ ಕೋಡಂಗಿ ಪಾತ್ರಕ್ಕೆ ಮೀಸಲಿಡುವುದು ಹಳೆಯ ಸಿನಿಮಾ ಚಾಳಿ. ಆ ಸೀಮೆಯ ಓದುಗ ಎರಡನೇ ಸಂಚಿಕೆ ಕೊಳ್ಳುವುದಿಲ್ಲ. ನಿಮಗೆ ಬಾರದ ಸೀಮೆಯ ಮಾತನ್ನು ಅಲ್ಲಿನವರಿಂದಲೇ ತಿದ್ದಿಸಿ.

ಬೆಚ್ಚಿಬೀಳಿಸುವ ಚಿತ್ರ ಯಾವ ಪುಟದಲ್ಲಿರಬೇಕು?

ಸಮಸಂಖ್ಯೆಯ ಪುಟದಲ್ಲಿ. ಪುಸ್ತಕ ತೆರೆದಾಗ ಬೆಸಪುಟ ಬಲಕ್ಕೆ, ಸಮಪುಟ ಎಡಕ್ಕೆ ಬರುತ್ತದೆ. ಎದುರುಬದುರಿರುವ ಎರಡೂ ಪುಟ ಕಣ್ಣಿಗೆ ಒಟ್ಟಿಗೇ ಬೀಳುವುದರಿಂದ, 7ನೇ ಪುಟದಲ್ಲಿ ಇಟ್ಟ ದೆವ್ವವನ್ನು ಓದುಗ 6ನೇ ಪುಟ ಓದುವಾಗಲೇ ನೋಡಿಬಿಟ್ಟಿರುತ್ತಾನೆ. ಅದಕ್ಕೇ ಬಾಗಿಲ ಚಿಲಕದ ಮೇಲೆ ಕೈ 7ನೇ ಪುಟದ ಕೊನೆಯ ಚೌಕದಲ್ಲಿ, ಬಾಗಿಲಾಚೆ ಇರುವುದು ತಿರುಗಿಸಿದ ಮೇಲೆ 8ರಲ್ಲಿ. ಜೋಕಿನ ಕೊನೆಯ ಏಟಿಗೂ ಇದೇ ಲೆಕ್ಕ. ಎರಡನ್ನೂ ಕೂಡಿಸುವ ಹಳೆಯ ಉಪಾಯವೊಂದಿದೆ: 7ರಲ್ಲಿ ಭಯ ಕಟ್ಟಿ 8ರಲ್ಲಿ ಬೆಕ್ಕು ತೋರಿಸಿ, 9ರಲ್ಲಿ ಎಲ್ಲರೂ ನಕ್ಕು, 10ರಲ್ಲಿ ನಿಜವಾದದ್ದನ್ನು ತೋರಿಸುವುದು. ಒಂದು ಸಂಚಿಕೆಯಲ್ಲಿ ಒಮ್ಮೆ ಮಾತ್ರ. ಎರಡನೇ ಸಲ ಓದುಗ ಬೆಕ್ಕಿಗಾಗಿ ಕಾದು ಕುಳಿತಿರುತ್ತಾನೆ.

ಯಕ್ಷಗಾನದಲ್ಲಿ ಬಣ್ಣದ ವೇಷ (ರಾಕ್ಷಸ ಪಾತ್ರ) ತೆರೆಯ ಹಿಂದಿನಿಂದ ಪ್ರವೇಶ ಮಾಡುವುದನ್ನು ಗಮನಿಸಿ. ಆರ್ಭಟ ಮೊದಲು, ಆಮೇಲೆ ತೆರೆಯ ಮೇಲಂಚಿನಲ್ಲಿ ಕಿರೀಟ, ಪೂರ್ತಿ ಮುಖ ಕಡೆಗೆ. ಇದೇ ಕ್ರಮವನ್ನು ಪುಟದ ಮೇಲೆ ತಂದರೆ ಆರ್ಭಟ ಬೆಸಪುಟಕ್ಕೆ, ಮುಖ ಸಮಪುಟಕ್ಕೆ.

ಕೊನೆಗಳಿಗೆಯಲ್ಲಿ ಜಾಹೀರಾತೋ ಅರ್ಪಣೆಯೋ ಒಂದು ಪುಟ ನಡುವೆ ಸೇರಿದರೆ ಈ ಲೆಕ್ಕವೆಲ್ಲ ಪಲ್ಟಿ. ಹೆಚ್ಚುವರಿ ಪುಟ ಬಂದರೆ ಜೋಡಿಯಾಗಿ ಬರಲಿ, ಇಲ್ಲವೇ ಕಥೆ ಮುಗಿದ ಮೇಲೆ ಬರಲಿ.

ಸಂಚಿಕೆಗೆ ಎಷ್ಟು ಪುಟ? ಯಾವ ಅಳತೆ?

ನಡುವೆ ಮಡಚಿ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕು. ಮೊದಲ ಸಂಚಿಕೆಗೆ 24 ಒಳಪುಟ, ಬೇರೆ ರಕ್ಷಾಪುಟ ಸಾಕು: 22 ಪುಟ ಕಥೆ, ಒಂದು ವಿವರಗಳಿಗೆ, ಒಂದು ಮುಂದಿನ ಸಂಚಿಕೆಯ ಸುಳಿವಿಗೆ. ವಿವರದ ಪುಟವನ್ನು ಮೊದಲಿಗಿಟ್ಟರೆ ಕಥೆ 2ರಿಂದ ಶುರುವಾಗುತ್ತದೆ. ಚಿತ್ರ ಬರೆಯುವ ಮುಂಚೆಯೇ ಇದು ನಿರ್ಧಾರವಾಗಿರಲಿ.

ಅಳತೆಯಿಂದ ಖರ್ಚು ಬದಲಾಗುವ ಬಗೆ ಇದು. ಡಿಜಿಟಲ್ ಪ್ರೆಸ್ಸುಗಳಲ್ಲಿ ಸಾಮಾನ್ಯವಾಗಿ ಸಿಗುವ 13×19 ಇಂಚಿನ ಹಾಳೆಯ ಒಂದು ಬದಿಗೆ ಎ5 ಅಳತೆಯ ನಾಲ್ಕು ಪುಟ ಹಿಡಿಯುತ್ತವೆ, ಅಂದರೆ 24 ಪುಟಕ್ಕೆ 3 ಹಾಳೆ. ಅಮೆರಿಕನ್ ಕಾಮಿಕ್ಸ್ ಅಳತೆ (6.625×10.25 ಇಂಚು) ಒಂದು ಬದಿಗೆ ಎರಡೇ ಪುಟ, ಅದೇ 24 ಪುಟಕ್ಕೆ 6 ಹಾಳೆ. ಪ್ರಿಂಟಿಂಗ್ ಖರ್ಚು ಸುಮಾರು ದುಪ್ಪಟ್ಟು. ಬೇರೆ ಕಾರಣವಿಲ್ಲದಿದ್ದರೆ ಎ5.

ಎ5 ಪುಟ 148×210 ಮಿ.ಮೀ. ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿಸಿ 154×216. ಕಪ್ಪು-ಬಿಳುಪು ರೇಖಾಚಿತ್ರಕ್ಕೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಅಂದರೆ 3638×5102 ಪಿಕ್ಸೆಲ್. ಬಣ್ಣಕ್ಕೆ 300 ಸಾಕು. ಕಾಗದದ ಮೇಲೆ ಬರೆಯುವವರು ಎ4ರಲ್ಲಿ ಬರೆದು 71 ಶೇಕಡಾಕ್ಕೆ ಇಳಿಸಬಹುದು. ಆಗ 0.3 ಮಿ.ಮೀ. ಪೆನ್ನಿನ ಗೆರೆ 0.2ಕ್ಕೆ ಇಳಿಯುತ್ತದೆ. ಅದಕ್ಕಿಂತ ಸಪೂರ ಬೇಡ.

ಮಾತು, ಮುಖ ಯಾವುದೂ ಕತ್ತರಿಸುವ ಅಂಚಿಗೆ 5 ಮಿ.ಮೀ.ಗಿಂತ ಹತ್ತಿರ ಬರಬಾರದು. ಮಡಚಿದ ಹಾಳೆಗಳು ಒಂದರೊಳಗೊಂದು ಕೂತಾಗ ಒಳಗಿನವು ಹೊರಕ್ಕೆ ತಳ್ಳಲ್ಪಡುತ್ತವೆ: 100 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ಕಾಗದದಲ್ಲಿ 32 ಪುಟಕ್ಕೆ ಸುಮಾರು 1 ಮಿ.ಮೀ., 48 ಪುಟಕ್ಕೆ ಒಂದೂವರೆ. ಆ ತುದಿ ಕತ್ತರಿಗೆ ಹೋಗುತ್ತದೆ. ಮಧ್ಯದ ಪುಟಗಳಲ್ಲೇ ಮಾತಿನ ಬಲೂನಿನ ಅಂಚು ಹಾರಿಹೋಗುವುದು ಇದರಿಂದ.

ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಹೋಗುತ್ತಿದೆ. ಏನು ಮಾಡಬೇಕು?

ತಪ್ಪು ಫಾಂಟಿನದಲ್ಲ, ತಂತ್ರಾಂಶದ ಅಕ್ಷರ ಜೋಡಣೆಯದು. ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್, ಟೈಪ್ ಒಳಗೆ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’. ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್, ಟೈಪ್ ಒಳಗೆ ‘ಶೋ ಇಂಡಿಕ್ ಆಪ್ಶನ್ಸ್’. ಈ ಬದಲಾವಣೆ ಹಳೆಯ ಟೆಕ್ಸ್ಟ್ ಲೇಯರುಗಳಿಗೆ ತಾನಾಗಿ ಅನ್ವಯಿಸದಿದ್ದರೆ, ಅವುಗಳನ್ನು ಒಂದೊಂದಾಗಿ ಬದಲಿಸಬೇಕು.

ದುಡ್ಡು ಕೊಡಲು ಇಷ್ಟವಿಲ್ಲದವರಿಗೆ ಇಂಕ್‌ಸ್ಕೇಪ್ ಒಳ್ಳೆಯದು. ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಬಲೂನನ್ನೂ ಅಲ್ಲೇ ಬರೆಯಬಹುದು. ಚಿತ್ರ ಯಾವುದರಲ್ಲಿ ಬರೆದರೂ ಅಕ್ಷರದ ಕೆಲಸವನ್ನು ಬೇರೆ ಮಾಡುವ ರೂಢಿ ಕನ್ನಡಕ್ಕೆ ಅನುಕೂಲ.

ಪುಟ ಶುರುಮಾಡುವ ಮುನ್ನ ಈ ಐದು ಪದ ಹೊಡೆದು ನೋಡಿ: ಸ್ತ್ರೀ, ಸೂರ್ಯ, ಲಕ್ಷ್ಮಿ, ರಾಷ್ಟ್ರ, ಜ್ಞಾನ. ಐದೂ ಸರಿ ಬಂದರೆ ಉಳಿದದ್ದೂ ಬರುತ್ತದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳು (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದವು) ಯಾವ ತಂತ್ರಾಂಶದಲ್ಲೂ ಸರಿ ಕಾಣುತ್ತವೆ. ಡಿಟಿಪಿ ಅಂಗಡಿಗಳು ಇನ್ನೂ ಅವನ್ನು ಬಿಡದಿರುವುದು ಅದಕ್ಕೇ. ಆದರೆ ಆ ಫಾಂಟಿಲ್ಲದ ಯಂತ್ರದಲ್ಲಿ ನಿಮ್ಮ ಸಂಭಾಷಣೆಯೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಮತ್ತೆ ಓದಲೇಬೇಕು. ಪ್ರೆಸ್ಸಿಗೆ ಕೊಡುವ ಪ್ರತಿಯಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಫಾಂಟು ಬೇಡದ ಆಕಾರಗಳಾಗಿ ಬದಲಿಸಿ), ತಿದ್ದಬಹುದಾದ ಮೂಲವನ್ನು ನಿಮ್ಮಲ್ಲಿ ಬೇರೆ ಇಟ್ಟುಕೊಳ್ಳಿ.

ಯಾವ ಫಾಂಟು, ಎಷ್ಟು ದೊಡ್ಡದು?

ಬಾಲೂ ತಮ್ಮ ದುಂಡಗಿದೆ, ಹಾಸ್ಯದ ಮಾತಿಗೆ ಹೊಂದುತ್ತದೆ. ಅಕಾಯ ಕನ್ನಡಕಕ್ಕೆ ಕೈಬರಹದ ಓಟವಿದೆ. ನಿರೂಪಣೆಯ ಪಟ್ಟಿಗಳಿಗೆ ಬೆಣ್ಣೆ ಅಥವಾ ತಿರೋ ಕನ್ನಡ. ಇವೆಲ್ಲ ಮುಕ್ತ ಪರವಾನಗಿಯವು, ಮಾರಾಟದ ಪುಸ್ತಕದಲ್ಲೂ ಬಳಸಬಹುದು. ಎ5 ಪುಟದಲ್ಲಿ 9ರಿಂದ 10 ಪಾಯಿಂಟ್, 8ಕ್ಕಿಂತ ಕೆಳಗೆ ಇಳಿಯಬೇಡಿ. ಸಾಲುಗಳ ಅಂತರ ಅಕ್ಷರಗಾತ್ರದ 135ರಿಂದ 150 ಶೇಕಡಾ ಇರಲಿ. ಇಂಗ್ಲಿಷ್ ಕಾಮಿಕ್ಸ್ ನೋಡಿ 115 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ.

ಕಿರುಚಾಟ ತೋರಿಸಲು ಕನ್ನಡಕ್ಕೆ ದೊಡ್ಡಕ್ಷರಗಳಿಲ್ಲ. ದಪ್ಪ, ಗಾತ್ರ, ಬಲೂನಿನ ಮೊನಚು, ಈ ಮೂರರಿಂದಲೇ ಆಗಬೇಕು. ಪಿಸುಮಾತಿಗೆ ಅಕ್ಷರ ಸಣ್ಣದು ಮಾಡುವ ಬದಲು ಬಲೂನನ್ನು ದೊಡ್ಡದು ಮಾಡಿ. ಸುತ್ತಲಿನ ಖಾಲಿಯಿಂದಲೇ ದನಿ ತಗ್ಗುತ್ತದೆ.

ಬಲೂನಿನಲ್ಲಿ ಮಾತು ಹಿಡಿಸುವುದೇ ಇಲ್ಲವಲ್ಲ?

ಗ್ರಾಂಥಿಕ ಕನ್ನಡದಲ್ಲಿ ಬರೆಯುತ್ತಿದ್ದೀರಿ. ‘ಹೋಗಬೇಕಾಗಿತ್ತಂತೆ’ಯನ್ನು ಮುರಿಯಲಾಗದು, ‘ಹೋಗ್ಬೇಕಿತ್ತಂತೆ’ ಕೂರುತ್ತದೆ, ‘ಹೋಗ್ಬೇಕಂತೆ’ ಇನ್ನೂ ಸಲೀಸು. ಒಂದು ಬಲೂನಿಗೆ ಹೆಚ್ಚೆಂದರೆ 12ರಿಂದ 15 ಪದ, ಎ5 ಪುಟವೊಂದಕ್ಕೆ 60ರಿಂದ 70. ಪದವನ್ನು ಅಡ್ಡಗೆರೆ ಹಾಕಿ ಒಡೆಯಬೇಡಿ. ಚಿತ್ರ ಬರೆದ ಮೇಲೆ ಬಲೂನಿಗೆ ಜಾಗ ಹುಡುಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಪೆನ್ಸಿಲ್ ಹಂತದಲ್ಲೇ ಮಾತನ್ನು ಅದೇ ಫಾಂಟಿನಲ್ಲಿ ಹೊಡೆದು ಚೌಕದ ಮೇಲ್ಭಾಗದಲ್ಲಿ ಇಟ್ಟು ನೋಡಿ.

ಸದ್ದುಗಳನ್ನು ಹೇಗೆ ಬರೆಯುವುದು?

ಇಂಗ್ಲಿಷ್ ಸದ್ದನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ಸೋಮಾರಿತನ. ಅನುಕರಣ ಪದಗಳ ವಿಷಯದಲ್ಲಿ ಕನ್ನಡಕ್ಕಿಂತ ಶ್ರೀಮಂತ ನುಡಿ ಹುಡುಕುವುದು ಕಷ್ಟ: ಒಣಗಿದೆಲೆ ಮೇಲೆ ಸರಬರ, ಮಾಡಿನ ಮೇಲೆ ದಡಬಡ, ಬಾವಿಗೆ ದುಡುಂ, ಗೆಜ್ಜೆ ಝಲ್ ಝಲ್, ಮೂಲೆಯಲ್ಲಿ ಗುಸುಗುಸು, ನೆಲಕ್ಕೆ ಧೊಪ್ಪ. ಇವನ್ನು ಫಾಂಟಿನಲ್ಲಿ ಹೊಡೆಯದೆ ಕೈಯಲ್ಲೇ ಬರೆಯಿರಿ. ದೂರದ ಗೆಜ್ಜೆ ಸಣ್ಣದಾಗಿ, ಚೌಕದಿಂದ ಚೌಕಕ್ಕೆ ದೊಡ್ಡದಾಗುತ್ತ ಬರಲಿ.

ಟೈಪ್ ಮಾಡಲೇಬೇಕಾದರೆ ಬಾಗಿಲ ಸದ್ದಿನಲ್ಲಿ ಎಲ್ಲರೂ ಎಡವುತ್ತಾರೆ. ‘ರ್’ ಮೂರು ಸಲ ಒತ್ತಿದರೆ ಅವು ಕೂಡಿಕೊಂಡು ‘ಕಿರ್ರ್ರ್’ ಎಂಬ ಗಂಟಾಗುತ್ತದೆ. ನಡುವೆ ಜೀರೋ ವಿಡ್ತ್ ನಾನ್-ಜಾಯ್ನರ್ ಎಂಬ ಕಣ್ಣಿಗೆ ಕಾಣದ ಚಿಹ್ನೆ ಹಾಕಿದರೆ ‘ಕಿರ್‌ರ್‌ರ್’ ಎಂದು ಬಿಡಿಸಿ ಬರುತ್ತದೆ. ಇಂಕ್‌ಸ್ಕೇಪ್‌ನ ಟೆಕ್ಸ್ಟ್ ಉಪಕರಣದಲ್ಲಿ ಕಂಟ್ರೋಲ್ ಜೊತೆ ಯು ಒತ್ತಿ, 200ಸಿ ಹೊಡೆದು ಎಂಟರ್ ಕೊಡಿ.

ಕತ್ತಲೆಯ ಪುಟಗಳು ಮುದ್ರಣದಲ್ಲಿ ಬೂದಿಯಾಗುತ್ತವೆ, ಇಲ್ಲವೇ ಕೆಸರಾಗುತ್ತವೆ. ಯಾಕೆ?

ಬೂದಿಯಾಗುವುದು ಬರೀ ಕಪ್ಪು ಶಾಯಿ ಹಾಕಿದಾಗ. ಆಫ್‌ಸೆಟ್‌ನಲ್ಲಿ (ಪ್ಲೇಟು ಮಾಡಿ ಶಾಯಿಯಲ್ಲಿ ಮುದ್ರಿಸುವ ಬಗೆ) ದೊಡ್ಡ ಜಾಗಕ್ಕೆ 100 ಶೇಕಡಾ ಕಪ್ಪೊಂದೇ ಸಾಲದು. ನಾಲ್ಕು ಬಣ್ಣದ ಪುಟವಾದರೆ ಸಯಾನ್ 40, ಮಜೆಂಟಾ 30, ಹಳದಿ 30, ಕಪ್ಪು 100 ಸೇರಿಸಿ, ಒಟ್ಟು 200. ಕೆಸರಾಗುವುದು ಇದರ ಇನ್ನೊಂದು ತುದಿ. ಫೋಟೋಶಾಪ್ ತನ್ನ ಮೂಲ ಸೆಟ್ಟಿಂಗಿನಲ್ಲಿ ಆರ್‌ಜಿಬಿ (ಪರದೆಯ ಬಣ್ಣ) ಕಪ್ಪನ್ನು ಸಿಎಂವೈಕೆಗೆ (ಮುದ್ರಣದ ನಾಲ್ಕು ಶಾಯಿ) ತಿರುಗಿಸಿದಾಗ 75, 68, 67, 90 ಆಗುತ್ತದೆ, ಒಟ್ಟು 300. ಮ್ಯಾಪ್ಲಿಥೋದಂಥ ಹೀರುವ ಕಾಗದಕ್ಕೆ ಇದು ಹೆಚ್ಚು; ಒಣಗದೆ ಎದುರು ಪುಟಕ್ಕೆ ಅಂಟುತ್ತದೆ.

ಮಾತಿನ ಅಕ್ಷರಗಳು ಮಾತ್ರ ಕಪ್ಪು 100, ಉಳಿದ ಮೂರು ಸೊನ್ನೆ. ನಾಲ್ಕೂ ಪ್ಲೇಟಿನಲ್ಲಿ ಅಕ್ಷರವಿದ್ದರೆ, ಪ್ಲೇಟು ಕೂದಲೆಳೆ ಸರಿದರೂ ಒತ್ತಕ್ಷರದ ಸುತ್ತ ಬಣ್ಣದ ಅಂಚು ಮೂಡುತ್ತದೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಬೇಕಿದ್ದರೆ ದಪ್ಪ ಫಾಂಟು, 10 ಪಾಯಿಂಟಿಗೆ ಕಡಿಮೆಯಿಲ್ಲದೆ. ಸಪೂರವಾದರೆ ಸುತ್ತಲ ಶಾಯಿ ಹರಡಿ ಅಕ್ಷರದ ಗೆರೆಗಳನ್ನೇ ನುಂಗುತ್ತದೆ.

ಡಿಜಿಟಲ್ ಪ್ರಿಂಟಿನಲ್ಲಿ ತೊಂದರೆ ಬೇರೆ. ಟೋನರ್ ಕಾಗದದ ಮೇಲೆ ಕೂರುತ್ತದೆಯೇ ಹೊರತು ಇಂಗುವುದಿಲ್ಲ, ಹಾಗಾಗಿ ಕಪ್ಪು ರಕ್ಷಾಪುಟ ಮಡಚಿದ ಕಡೆ ಬಿಳಿ ಬಿರುಕು ಬಿಡುತ್ತದೆ. ಕ್ರೀಸಿಂಗ್ (ಮಡಚುವ ಗೆರೆ ಮೊದಲೇ ಒತ್ತುವುದು) ಮಾಡಿಸಿ, ಮ್ಯಾಟ್ ಲ್ಯಾಮಿನೇಶನ್ ಹಾಕಿಸಿ.

ಯಾವ ಕಾಗದ, ಎಷ್ಟು ಪ್ರತಿ?

ಒಳಪುಟಕ್ಕೆ 100 ಜಿಎಸ್‌ಎಂ ಮ್ಯಾಪ್ಲಿಥೋ. 80ರಲ್ಲಿ ಹಿಂಬದಿಯ ಕಪ್ಪು ಈಚೆಗೆ ಕಾಣುತ್ತದೆ. ಬೇರೆ ಪುಸ್ತಕಕ್ಕೆ ಅದು ಸಣ್ಣ ಕಿರಿಕಿರಿ, ಇಲ್ಲಿ 8ನೇ ಪುಟದ ದೆವ್ವ 7ರಲ್ಲೇ ಮುಖ ತೋರಿಸಿದಂತೆ. ಹೊಳಪಿನ ಆರ್ಟ್ ಪೇಪರಿನಲ್ಲಿ ಕತ್ತಲೆ ಪುಟ ಟ್ಯೂಬ್‌ಲೈಟನ್ನು ಪ್ರತಿಫಲಿಸುತ್ತದೆ. ರಕ್ಷಾಪುಟಕ್ಕೆ 250 ಜಿಎಸ್‌ಎಂ.

ಆಫ್‌ಸೆಟ್‌ನಲ್ಲಿ ಪ್ಲೇಟುಗಳ ಖರ್ಚು ಒಂದು ಪ್ರತಿಗೂ ಸಾವಿರ ಪ್ರತಿಗೂ ಅಷ್ಟೇ. 300ರ ಒಳಗಿದ್ದರೆ ಡಿಜಿಟಲ್, 500 ದಾಟಿದರೆ ಆಫ್‌ಸೆಟ್‌ಗೂ ದರ ಕೇಳಿ. ಮೊದಲ ಸಂಚಿಕೆಗೆ 100 ಪ್ರತಿ ಧಾರಾಳ. ಪೂರ್ತಿ ಮುದ್ರಿಸುವ ಮೊದಲು ಅದೇ ಕಾಗದದಲ್ಲಿ ಒಂದು ಪ್ರತಿ ಪಿನ್ ಹೊಡೆಸಿ ಕತ್ತರಿಸಿ ತರಿಸಿ. ಪರದೆಯ ಮೇಲಿನ ಪಿಡಿಎಫ್‌ನಲ್ಲಿ ಪುಟ ತಿರುಗುವುದಿಲ್ಲ. ಅಂಗಡಿಗಳು ಮುಖಬೆಲೆಯಲ್ಲಿ ಸಾಮಾನ್ಯವಾಗಿ 30ರಿಂದ 40 ಶೇಕಡಾ ಹಿಡಿಯುತ್ತವೆ. ಉಳಿದ 60ರಲ್ಲಿ ಮುದ್ರಣದ ಖರ್ಚು ಹುಟ್ಟದಿದ್ದರೆ ಬೆಲೆ ತಪ್ಪಾಗಿದೆ ಎಂದರ್ಥ.

ಮೊಬೈಲಿಗೆ ಅದೇ ಪುಟ ಹಾಕಬಹುದೇ?

ಹಾಕಿದರೆ ಯಾರೂ ಓದಲಾರರು. ಇನ್‌ಸ್ಟಾಗ್ರಾಮ್‌ಗೆ 1080×1350 ಪಿಕ್ಸೆಲ್, ಒಂದು ಚಿತ್ರಕ್ಕೆ ಒಂದೋ ಎರಡೋ ಚೌಕ, ಅಕ್ಷರ ಹೊಸದಾಗಿ ದೊಡ್ಡದು. ಬೆರಳು ಸರಿಸುವುದೇ ಅಲ್ಲಿ ಪುಟ ತಿರುಗಿಸುವುದು. ಮೇಲಿಂದ ಕೆಳಕ್ಕೆ ಓಡುವ ಬಗೆಗೆ 800 ಪಿಕ್ಸೆಲ್ ಅಗಲ. ದೆವ್ವ ಬರುವ ಮುನ್ನ ಒಂದಿಡೀ ಪರದೆಯಷ್ಟು ಕಪ್ಪು ಬಿಡಿ.

ಕಥೆ ಒಬ್ಬರದು, ಚಿತ್ರ ಇನ್ನೊಬ್ಬರದು. ಹಕ್ಕು ಯಾರದು?

ಅವರವರ ಭಾಗ ಅವರವರದು, ಬರೆದು ಕೊಡದ ಹೊರತು. ಭಾರತದ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಸ್ನೇಹಿತರಾದರೂ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ: ಪಾತ್ರಗಳ ಹೆಸರು ಯಾರದು, ಒಬ್ಬರು ಬಿಟ್ಟುಹೋದರೆ ಸರಣಿ ಮುಂದುವರಿಸಬಹುದೇ, ಸಿನಿಮಾದವರು ಬಂದರೆ ಪಾಲೆಷ್ಟು.

ಹಕ್ಕು ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಜಾತಿಯ ‘ದಿ ಗೂನ್’ ಉದಾಹರಣೆ. ಅಮೆರಿಕದ ಎರಿಕ್ ಪೊವೆಲ್‌ರ ಈ ಸರಣಿಯಲ್ಲಿ ಬೀದಿ ರೌಡಿಯೊಬ್ಬ ನಡೆದಾಡುವ ಹೆಣಗಳ ಜೊತೆ ಹೊಡೆದಾಡುತ್ತಾನೆ. 1999ರಲ್ಲಿ ಅವತಾರ್ ಪ್ರೆಸ್‌ನಲ್ಲಿ ಬಂತು, 2002ರಲ್ಲಿ ಪೊವೆಲ್ ತಾವೇ ಪ್ರಕಟಿಸಿದರು, 2003ರಲ್ಲಿ ಡಾರ್ಕ್ ಹಾರ್ಸ್ ಪ್ರಕಾಶನಕ್ಕೆ ಹೋಯಿತು, 2019ರಲ್ಲಿ ಮತ್ತೆ ಅವರದೇ ಆಲ್ಬಟ್ರಾಸ್ ಪ್ರಕಾಶನಕ್ಕೆ ಬಂತು. 2005ರಲ್ಲಿ ಅತ್ಯುತ್ತಮ ಧಾರಾವಾಹಿ ಸರಣಿ, ಅತ್ಯುತ್ತಮ ಹಾಸ್ಯ ಪ್ರಕಟಣೆ ಎಂಬ, ಕಾಮಿಕ್ಸ್ ಲೋಕದ ಎರಡು ಐಸ್ನರ್ ಪ್ರಶಸ್ತಿ ಪಡೆಯಿತು. ಪಾತ್ರ ಪೊವೆಲ್‌ರದೇ ಆಗಿದ್ದರಿಂದ ಪ್ರಕಾಶಕರು ಬದಲಾದರೂ ಗೂನ್ ಬದಲಾಗಲಿಲ್ಲ.

ಐಎಸ್‌ಬಿಎನ್, ತೆರಿಗೆ?

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತು ಸಂಖ್ಯೆ) ಭಾರತದಲ್ಲಿ ಶುಲ್ಕವಿಲ್ಲ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಪ್ರತಿ ಸಂಚಿಕೆಗೂ ಬೇರೆ ಸಂಖ್ಯೆ ಬೇಕು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಕೊಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನು 30 ದಿನದೊಳಗೆ ಕಳಿಸಬೇಕು. 100 ಪ್ರತಿಯ ಲೆಕ್ಕದಲ್ಲಿ ಈ ನಾಲ್ಕನ್ನೂ ಸೇರಿಸಿಕೊಳ್ಳಿ.

ಮಕ್ಕಳ ಕೈಗೆ ಸಿಕ್ಕರೆ?

ಸಿಕ್ಕೇ ಸಿಗುತ್ತದೆ, ಕಾಮಿಕ್ಸ್ ಎಂದರೆ ಮಕ್ಕಳದು ಎಂಬ ಭಾವನೆ ಅಂಗಡಿಯವರಿಗೂ ಇದೆ. ಈ ಗಲಾಟೆ ಹಳೆಯದು. 1954ರಲ್ಲಿ ಅಮೆರಿಕದ ಪ್ರಕಾಶಕರು ತಾವೇ ಮಾಡಿಕೊಂಡ ಸಂಹಿತೆ ಶೀರ್ಷಿಕೆಯಲ್ಲಿ ‘ಹಾರರ್’ ಪದವನ್ನೂ ಒಳಗೆ ರಕ್ತಪಿಶಾಚಿಗಳನ್ನೂ ನಿಷೇಧಿಸಿತು, 1971ರವರೆಗೆ ಸಡಿಲವಾಗಲಿಲ್ಲ. ಬ್ರಿಟನ್ 1955ರಲ್ಲಿ, ಭಾರತ 1956ರಲ್ಲಿ ಎಳೆಯರಿಗೆ ಹಾನಿಕರ ಪ್ರಕಟಣೆಗಳ ಕಾಯ್ದೆ ತಂದವು. ರಕ್ಷಾಪುಟದ ಮುಂಬದಿಯಲ್ಲೇ ವಯಸ್ಸು ಮುದ್ರಿಸಿ, ಮಳಿಗೆಯಲ್ಲಿ ಮಕ್ಕಳ ಪುಸ್ತಕದ ಸಾಲಿನಿಂದ ದೂರ ಇಡಿಸಿ.

ಎರಡನೇ ಸಂಚಿಕೆ ಯಾವಾಗ ತರಬೇಕು?

ಅದರ ಚಿತ್ರ ಮುಗಿಯುವ ತನಕ ಮೊದಲನೆಯದನ್ನೇ ಮುದ್ರಿಸಬೇಡಿ. ಎರಡರ ನಡುವೆ ನಾಲ್ಕು ತಿಂಗಳಿಗಿಂತ ಹೆಚ್ಚು ಬಿಟ್ಟರೆ ಓದುಗ ಪಾತ್ರಗಳನ್ನೇ ಮರೆತಿರುತ್ತಾನೆ. ಎರಡನೆಯದರ ಜೊತೆ ಮೊದಲನೆಯದನ್ನೂ ಮತ್ತೆ ಮುದ್ರಿಸಿ. ಹೊಸಬರು ಸಂಖ್ಯೆ 1 ಇಲ್ಲದೆ 2ನ್ನು ಮುಟ್ಟುವುದಿಲ್ಲ, ಹಾಗಾಗಿ ಮೊದಲನೆಯದು ಎಂದೂ ಮುಗಿದಿರಬಾರದು. ಮರುಮುದ್ರಣದ ವಿವರದ ಪುಟದಲ್ಲಿ ‘ಎರಡನೇ ಮುದ್ರಣ’ ಎಂದು ಸೇರಿಸಿ, ಆ ಹೊತ್ತಿಗೆ ಓದುಗರು ಹಿಡಿದುಕೊಟ್ಟ ಕಾಗುಣಿತದ ತಪ್ಪುಗಳನ್ನೂ ತಿದ್ದಿಬಿಡಿ. ಬ್ರಹ್ಮರಾಕ್ಷಸನ ಬಲೂನನ್ನು ಮೊದಲು ನೋಡಿ.